ನರಿ ನೋಡುವ ಹಬ್ಬ

ನಮ್ಮ ಬೀದಿಯ ನಾಲ್ಕು ಮನೆಯವರು ಯಾವುದಾದರೂ ಒಂದು ವಿಷಯಕ್ಕೆ ಒಟ್ಟಾಗಿ ಹೂಂ ಅಂದದ್ದನ್ನು ನಾನು ಮದುವೆಯಾಗಿ ಬಂದಾಗಿನಿಂದ ನೋಡಿರಲಿಲ್ಲ. ಚರಂಡಿ ಯಾರ ಬಾಗಿಲ ಮುಂದೆ ಹೋಗಬೇಕು ಎಂದು ವರ್ಷಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡಿದವರು ನಾವು. ಅಂಥವರು ಒಂದು ನರಿಗಾಗಿ ಒಂದಾದೆವು ಎಂದರೆ ನನ್ನ ತವರಿನವರು ಇವತ್ತಿಗೂ ನಂಬುವುದಿಲ್ಲ. ತವರು ವಿದುರಾಶ್ವತ್ಥದ ಹತ್ತಿರ. ಅಲ್ಲಿ ಸಂಕ್ರಾಂತಿ ಎಂದರೆ ಎಳ್ಳು ಬೀರುವುದು, ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದು, ಅಷ್ಟೇ. ಚಿಂತಾಮಣಿಗೂ ಶಿಡ್ಲಘಟ್ಟಕ್ಕೂ ನಡುವಿನ ಈ ಊರಿಗೆ ಸೊಸೆಯಾಗಿ ಬಂದ ಮೊದಲ ವರ್ಷ ಹಬ್ಬದ ಬೆಳಗ್ಗೆ ಅತ್ತೆ ನನ್ನನ್ನು ಬಾಗಿಲಿಗೆ ಎಳೆದುಕೊಂಡು ಬಂದರು. "ನರಿ ಬರ್ತೈತೆ ಬಾರಮ್ಮ, ಮುಖ ನೋಡು, ಒಳ್ಳೇದಾಗ್ತೈತೆ."

ನರಿ ತಾನಾಗಿ ಬರುತ್ತಿರಲಿಲ್ಲ. ಹಬ್ಬದ ಹಿಂದಿನ ದಿನ ಗಂಡಸರು ಊರ ಹಿಂದಿನ ಬಯಲಿನಲ್ಲಿ ಬಲೆ ಕಟ್ಟಿ, ತಮಟೆ ಬಾರಿಸಿ, ಪೊದೆಯಿಂದ ಪೊದೆಗೆ ಅಟ್ಟಿ ಅದನ್ನು ಹಿಡಿಯುತ್ತಿದ್ದರು. ಬಾಯಿಗೆ ದಾರ ಸುತ್ತಿ, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ಬೀದಿಬೀದಿ ಮೆರೆಸಿ, ಕೊನೆಗೆ ಊರಾಚೆ ಬಿಟ್ಟು ಪಟಾಕಿ ಹೊಡೆಯುತ್ತಿದ್ದರು. ಅದು ಪ್ರಾಣ ಕೈಯಲ್ಲಿ ಹಿಡಿದುಕೊಂಡು ಓಡುತ್ತಿತ್ತು. ಕತೆಯಲ್ಲಿ ಕೇಳಿದ್ದ ನರಿ ನನ್ನ ಮನಸ್ಸಿನಲ್ಲಿ ದೊಡ್ಡದಾಗಿತ್ತು. ಇದು ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಬೂದು ಮೈ, ಬಾಲದ ತುದಿಗೆ ಕಪ್ಪು. "ಅದರ ಮುಖ ನೋಡಿದ್ದಕ್ಕೆ ನಮಗೆ ಒಳ್ಳೇದಾಗುತ್ತೆ ಸರಿ, ನಮ್ಮ ಮುಖ ನೋಡಿದ್ದಕ್ಕೆ ಅದಕ್ಕೇನಾಗುತ್ತೆ?" ಎಂದು ನಾನು ಗಂಡನನ್ನು ಕೇಳಿದೆ. ಹೊಸ ಸೊಸೆ ಬಾಯಿ ಜೋರು ಎಂಬ ಹೆಸರು ಅವತ್ತೇ ಬಂತು. ಅದನ್ನು ಕಳೆದುಕೊಳ್ಳುವ ಪ್ರಯತ್ನವನ್ನು ನಾನೂ ಮಾಡಲಿಲ್ಲ.

ಬಲೆ ನಮ್ಮ ಪಕ್ಕದ ಮನೆಯ ತಾತನದು. ಅವರ ತಂದೆ, ಅವರ ಅಜ್ಜ ಎಲ್ಲರೂ ಹಿಡಿದವರೇ. ಬಲೆಗೆ ಬಿದ್ದ ನರಿಯ ಕುತ್ತಿಗೆಗೆ ಕೈ ಹಾಕುವ ಹಕ್ಕು ಊರಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ಮೈಗೆ ಒಂದು ಗೀರೂ ಬೀಳದ ಹಾಗೆ ಹಿಡಿಯುತ್ತಿದ್ದೆ ಎಂದು ಅವರು ಹೇಳಿಕೊಳ್ಳುವುದುಂಟು. ಯಾರಿಗಾದರೂ ಒಳ್ಳೆಯದಾದರೆ ಉಳಿದವರೆಲ್ಲ "ಎದ್ದು ನರಿ ಮುಖ ನೋಡಿದ್ಯಾ?" ಎಂದು ಕೇಳುತ್ತಾರೆ. ತಾತ ಮಾತ್ರ ತಮ್ಮ ಮನೆಯ ತೆಲುಗಿನಲ್ಲೇ "ನಕ್ಕ ತೋಕ ತೊಕ್ಕಿ ವಚ್ಚಿನಾವಾ?" ಅನ್ನುತ್ತಾರೆ. ನರಿಯ ಬಾಲ ತುಳಿದು ಬಂದೆಯಾ ಎಂದು ಅರ್ಥ.

ಕೆಲವು ವರ್ಷಗಳ ಹಿಂದೆ ಅರಣ್ಯ ಇಲಾಖೆಯ ಒಬ್ಬರು ಹಬ್ಬಕ್ಕೆ ಮುಂಚೆಯೇ ಊರಿಗೆ ಬಂದರು. ಅರಳಿಕಟ್ಟೆಯ ಹತ್ತಿರ ಎಲ್ಲರನ್ನೂ ಸೇರಿಸಿ, ನರಿ ಹಿಡಿಯುವುದು ಅಪರಾಧ, ಹಿಡಿದರೆ ಜೈಲು ಎಂದು ಮೆತ್ತಗೇ ಹೇಳಿ ಹೋದರು. ಊರಿಗೆ ಸಿಟ್ಟು ಬಂತು, ಆಮೇಲೆ ಭಯ ಬಂತು. ತಾತ ಬಲೆಯನ್ನು ಸುತ್ತಿ ಅಟ್ಟಕ್ಕೆ ಹಾಕಿದರು. ನರಿಯ ಮುಖ ನೋಡದ ಸಂಕ್ರಾಂತಿಗಳು ಬಂದವು, ಹೋದವು. ಆಮೇಲೆ ಊರಿನಲ್ಲಿ ಏನು ಕೆಟ್ಟರೂ ಅದಕ್ಕೆ ಕಾರಣ ಸಿದ್ಧವಾಗಿತ್ತು. ನಮ್ಮ ರೇಷ್ಮೆ ಹುಳುಗಳಿಗೆ ಸುಣ್ಣಕಟ್ಟು ರೋಗ ತಗುಲಿ ಇಡೀ ಬೆಳೆ ತಿಪ್ಪೆಗೆ ಹೋದಾಗ ಅತ್ತೆ, "ನರಿ ನೋಡಿಲ್ವಲ್ಲ, ಇನ್ನೇನಾಗ್ತೈತೆ" ಅಂದರು. ಹುಳು ಸಾಕುವ ತಟ್ಟೆಗಳಿಗೆ ಸರಿಯಾಗಿ ಔಷಧಿ ಹೊಡೆಯದ ಅವರ ಮಗ ಪಕ್ಕದಲ್ಲೇ ನಿಂತು ತಲೆಯಾಡಿಸಿದರು.

ನರಿಗೆ ನಿಜವಾದ ಕಂಟಕ ಬಂದದ್ದು ಬಲೆಯಿಂದಲ್ಲ, ನೀರಿನಿಂದ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕಡೆಯ ಕೆರೆಗಳಿಗೆ ಬಿಟ್ಟ ಮೇಲೆ ಸತ್ತಿದ್ದ ಕೊಳವೆಬಾವಿಗಳಿಗೆ ಜೀವ ಬಂತು. ಎಲ್ಲಿ ನೋಡಿದರೂ ಹಿಪ್ಪುನೇರಳೆ, ದ್ರಾಕ್ಷಿ, ಹೂವು. ಸಂತೋಷವೇ. ಆದರೆ ಯಾರೂ ತಿರುಗಿ ನೋಡದ ನೆಲದ ಮೇಲೂ ಎಲ್ಲರ ಕಣ್ಣು ಬಿತ್ತು. ಊರ ಹಿಂದಿನ ಬಯಲೆಂದರೆ ಅರ್ಧ ಗೋಮಾಳ, ಇನ್ನರ್ಧ ನಮ್ಮ ಬೀದಿಯ ನಾಲ್ಕು ಮನೆಗಳ ಬೀಳು ಹೊಲ. ನಡುವೆ ಬದು ಎಲ್ಲಿದೆ ಎಂಬುದು ನಮಗೇ ಮರೆತುಹೋಗುವಷ್ಟು ಹುಲ್ಲು, ಅಲ್ಲಲ್ಲಿ ಎಲಚಿ ಮತ್ತು ಕಾರೆ ಪೊದೆ. ಗೌಜಲಹಕ್ಕಿ, ಮೊಲ, ಉಡ ಎಲ್ಲವಕ್ಕೂ ಅದೇ ಊರು. ನರಿಯ ಬಿಲ ಇದ್ದದ್ದು ಸರಿಯಾಗಿ ನಡುವಿನ ದಿಬ್ಬದಲ್ಲಿ. ಆ ದಿಬ್ಬ ನಮ್ಮ ಎದುರು ಮನೆಯ ಅಕ್ಕನ ಹೊಲದ್ದು.

ಎದುರು ಮನೆಯ ಅಕ್ಕ ಗಟ್ಟಿಗಿತ್ತಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಬೇಸಾಯ ನಿಭಾಯಿಸಿ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದವಳು. ಅವಳು ಆ ಹೊಲದಲ್ಲಿ ಗುಲಾಬಿ ಹಾಕುತ್ತೇನೆ, ಸುತ್ತ ತಂತಿ ಬೇಲಿ ಬಿಗಿಯುತ್ತೇನೆ ಎಂದು ಹೊರಟಳು. ಕಲ್ಲುಕಂಬಗಳು ಟ್ರಾಕ್ಟರಿನಲ್ಲಿ ಬಂದು ಹೊಲದ ಮೂಲೆಯಲ್ಲಿ ಇಳಿದವು. ನಡುವಿನ ಹೊಲಕ್ಕೆ ಬೇಲಿ ಬಿದ್ದರೆ ಬಯಲು ಎರಡು ಹೋಳು. ಆಮೇಲೆ ಪಕ್ಕದವರು ಸುಮ್ಮನಿರುತ್ತಾರೆಯೇ? ನಮ್ಮ ಮನೆಯಲ್ಲೇ ಹಿಪ್ಪುನೇರಳೆ ಕಡ್ಡಿಯ ಮಾತು ಶುರುವಾಗಿತ್ತು.

ಆ ಕಂಬಗಳನ್ನು ನೋಡಿ ಬಂದ ಸಂಜೆಯೇ ತಾತ ಅಕ್ಕನ ಜಗಲಿಯ ಮೇಲೆ ಬಂದು ಕೂತರು. ನಾನು ಅವರೆಕಾಯಿ ಸುಲಿಯುತ್ತಾ ನಮ್ಮ ಬಾಗಿಲಲ್ಲಿ ಕೂತಿದ್ದೆ. ಕಿವಿ ಮಾತ್ರ ಅಲ್ಲಿತ್ತು.

"ಅಲ್ಲಮ್ಮಾ, ಅದರ ಮನೆ ಅದು. ನೀನು ಬೇಲಿ ಹಾಕಿದ್ರೆ ಅದೆಲ್ಲಿಗೆ ಹೋಗ್ಬೇಕು?"

"ಇಷ್ಟು ವರ್ಷ ಬಲೆ ಹಾಕಿ ಹಿಡಿದಾಗ ಅದರ ಮನೆ ಅಂತ ಗೊತ್ತಿರ್ಲಿಲ್ವಾ ಮಾವ?"

"ಹಿಡಿದು ಬಿಡ್ತಿದ್ವಿ. ಬಿಟ್ರೆ ಹೋಗಕ್ಕೆ ಜಾಗ ಇತ್ತು. ಈಗ ಜಾಗಾನೇ ಹಿಡಿದ್ಬಿಟ್ರೆ?" ಎಂದರು ತಾತ. ಆಮೇಲೆ ಅವರು ಹೇಳಿದ ಮಾತು ಅವರೆಕಾಯಿ ಸುಲಿಯುತ್ತಿದ್ದ ನನ್ನ ಕೈಯನ್ನು ನಿಲ್ಲಿಸಿತು. "ಈ ಹಬ್ಬಕ್ಕೆ ನಾನು ನರಿ ತೋರಿಸ್ತೀನಿ. ಬಲೆ ಇಲ್ದೆ, ಮುಟ್ದೆ. ನಾವೇ ಅದರ ಹತ್ರ ಹೋಗಣ, ದೂರದಲ್ಲಿ ಕೂತು ಮುಖ ನೋಡ್ಕೊಂಡು ಬರಣ."

ಅಕ್ಕ ನಕ್ಕಳು. "ತೋರಿಸು ಮಾವ. ತೋರಿಸಿದ್ರೆ ನಮ್ಮ ಹೊಲ ಹಿಂಗೇ ಬಿಡ್ತೀನಿ, ಗುಲಾಬಿ ಬೇರೆ ಕಡೆ ಹಾಕ್ಕೊಂತೀನಿ. ತೋರಿಸ್ಲಿಲ್ಲ ಅಂದ್ರೆ ಹಬ್ಬದ ಮಾರನೇ ದಿನ ಕಲ್ಲು ನೆಡಿಸ್ತೀನಿ. ಆಮೇಲೆ ಯಾರೂ ಮಾತಾಡಂಗಿಲ್ಲ."

"ಮಾತು ಮಾತೇ" ಅಂದರು ತಾತ.

ಅಕ್ಕನದು, ತಾತನದು, ನಮ್ಮದು ಬಿಟ್ಟರೆ ನಾಲ್ಕನೆಯ ಹೊಲ ಮೂಲೆ ಮನೆಯ ಮೇಡಂ ಅವರದು. ಚಿಂತಾಮಣಿಯ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ಅವರ ನಡುಮನೆಯಲ್ಲಿ ಬುದ್ಧನ ಪಟವಿದೆ. ನರಿ ಅಟ್ಟುವಾಗ ತಮಟೆ ಬಾರಿಸುತ್ತಿದ್ದವರು ಅವರ ಮಾವ. ಬಾರಿಸಲೇಬೇಕಿತ್ತು, ಬಾರಿಸುತ್ತಿದ್ದರು. ಮೆರವಣಿಗೆ ಮಾತ್ರ ಅವರ ಹಳೆಯ ಕೇರಿಗೆ ಎಲ್ಲಕ್ಕಿಂತ ಕೊನೆಗೆ ಹೋಗುತ್ತಿತ್ತು. ತಾತ ಅವರ ಮನೆಗೂ ಹೋಗಿ ಕೇಳಿದರು. ಮೇಡಂ ಕಾಫಿ ಕೊಟ್ಟು, ನೇರವಾಗಿ ಹೇಳಿದರು: "ತಮಟೆ ಇರಬಾರದು. ಎಲ್ಲರೂ ಒಂದೇ ಬಂಡೆ ಮೇಲೆ ಸುಮ್ಮನೆ ಕೂತ್ಕೊಳ್ಳೋದಾದ್ರೆ ನಾವೂ ಬರ್ತೀವಿ, ನಮ್ಮ ಹೊಲಾನೂ ಹಂಗೇ ಬಿಡ್ತೀವಿ. ಇಲ್ಲಾಂದ್ರೆ ನಾವು ಟೀವಿಲೇ ನರಿ ನೋಡ್ಕೊಂತೀವಿ." ತಾತ ಒಪ್ಪಿದರು. ನಮ್ಮವರೂ ಹೂಂ ಅಂದರು. ಅವರ ಪರವಾಗಿ ನಾನು ಮೊದಲೇ ಹೂಂ ಅಂದಿದ್ದೆ.

ಹಬ್ಬ ಹತ್ತಿರ ಬಂದ ಹಾಗೆ ನನಗೆ ದಿಗಿಲು ಶುರುವಾಯಿತು. ನರಿಗೆ ಕ್ಯಾಲೆಂಡರ್ ಗೊತ್ತೇ? ಅವತ್ತು ಹೊರಗೆ ಬರಲಿಲ್ಲ ಎಂದರೆ? ತಾತನ ಮಾತೂ ಹೋಗುತ್ತದೆ, ಬಯಲೂ ಹೋಗುತ್ತದೆ. ಹಬ್ಬಕ್ಕೆ ಎರಡು ದಿನ ಮುಂಚೆ ರೇಷ್ಮೆ ಗೂಡು ಮಾರಲು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿದ್ದೆ. ಅಲ್ಲಿ ನೂಲು ಬಿಚ್ಚುವ ನೆಂಟರ ಮನೆಗೆ ಹೋದಾಗ, ನೂಲು ತೆಗೆದ ಮೇಲೆ ಉಳಿಯುವ ಬೆಂದ ಹುಳುಗಳ ರಾಶಿ ಕಣ್ಣಿಗೆ ಬಿತ್ತು. ನರಿ ಹುಳುಹುಪ್ಪಟೆ ತಿನ್ನುತ್ತದೆ ಎಂದು ಎಲ್ಲೋ ಓದಿದ್ದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿ ಒಂದು ಚೀಲದ ತುಂಬ ತುಂಬಿಸಿಕೊಂಡೆ. ಆ ವಾಸನೆಯನ್ನು ಬಲ್ಲವರೇ ಬಲ್ಲರು. ಬಸ್ಸಿನಲ್ಲಿ ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಏನಮ್ಮಾ ಇದು, ಇಳಿದ್ಬಿಡ್ತೀರೋ, ಇದನ್ನ ಇಳಿಸ್ಬಿಡ್ತೀರೋ?" ಎಂದ. ನರಿಗೆ ಹಬ್ಬದೂಟ ಎಂದು ಹೇಳಲಾದೀತೇ? ಕೋಳಿಗೆ ಎಂದೆ. ಹಬ್ಬದ ಹಿಂದಿನ ಸಂಜೆ, ಹುಲ್ಲು ತರುವ ನೆಪದಲ್ಲಿ ಹೋಗಿ ದಿಬ್ಬದ ಬುಡದಲ್ಲಿ ಸುರಿದು, ಯಾರಿಗೂ ಹೇಳದೆ ಬಂದು ಕೈ ತೊಳೆದುಕೊಂಡೆ. ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ.

ಬೆಳಗ್ಗೆ ಮಂಜು ಬಿದ್ದಿತ್ತು. ದಿಬ್ಬಕ್ಕೆ ಎದುರಾಗಿ ಸ್ವಲ್ಪ ದೂರದಲ್ಲಿ ಒಂದು ಹಾಸುಬಂಡೆ ಇದೆ. ನಾಲ್ಕು ಮನೆಯವರಲ್ಲದೆ ಊರಿನ ಇನ್ನಷ್ಟು ಜನ ಶಾಲು, ಮಂಕಿಕ್ಯಾಪು ಹಾಕಿಕೊಂಡು ಅದರ ಮೇಲೆ ಒತ್ತಿಕೊಂಡು ಕೂತೆವು. ತಾತ ಎಲ್ಲರಿಗಿಂತ ಮುಂದೆ. ಹೊಸ ಪಂಚೆ, ಹಣೆಗೆ ವಿಭೂತಿ. ನಮ್ಮ ಬೀದಿಯವರು ಅಷ್ಟು ಹೊತ್ತು ಮಾತಿಲ್ಲದೆ ಕೂತದ್ದು ಅದೇ ಮೊದಲು. ಚಳಿಗೆ ಹಲ್ಲು ಕಟಕಟ ಅಂದರೂ ನನಗೆ ಯಾಕೋ ಹಿತವಾಗಿತ್ತು.

ಬಿಸಿಲು ಹುಲ್ಲಿನ ತುದಿಗೆ ಬಿತ್ತು. ದಿಬ್ಬದ ಹತ್ತಿರ ಏನೋ ಅಲ್ಲಾಡಿತು. ತಾತ ಬೆರಳೆತ್ತಿದರು. ನಾವೆಲ್ಲ ಉಸಿರು ಬಿಗಿಹಿಡಿದೆವು. ಹುಲ್ಲು ಸರಿಸಿಕೊಂಡು, ಬಾಯಿ ಚಪ್ಪರಿಸುತ್ತಾ ಹೊರಗೆ ಬಂತು, ನಮ್ಮ ಬೀದಿಯ ಕಂದು ನಾಯಿ.

ಅದರ ಹಿಂದೆ ಕೋಳಿ ಅಂಗಡಿಯ ಮುಂದೆ ಮಲಗುವ ಕುಂಟ ನಾಯಿ. ಅದರ ಹಿಂದೆ ಮತ್ತೆರಡು. ಎಲ್ಲವೂ ತಿಂದು ಹೊಟ್ಟೆ ಬಿರಿದು ಬರುತ್ತಿದ್ದವು. ಮುಖವೆಲ್ಲ ನನ್ನ ಹುಳು. ಕೊನೆಗೆ ಅಕ್ಕ ಸಾಕಿದ ನಾಯಿ ಒಂದು ಸ್ಟೀಲ್ ಬೋಗುಣಿಯನ್ನು ಮೂತಿಯಿಂದ ದಬ್ಬಿಕೊಂಡು, ಅದರ ತಳ ನೆಕ್ಕುತ್ತಾ, ದಿಬ್ಬದಿಂದ ಕೆಳಗೆ ಇಳಿಯಿತು. ನಮ್ಮವರು ಓಡಿಹೋಗಿ ಆ ಬೋಗುಣಿ ಎತ್ತಿಕೊಂಡು ಬಂದರು. ಪಾತ್ರೆಯ ಮೇಲೆ ಅಕ್ಕನ ಮದುವೆಗೆ ಕೆತ್ತಿಸಿದ ಅವಳ ಹೆಸರಿತ್ತು.

ಎಲ್ಲರೂ ಅಕ್ಕನ ಮುಖ ನೋಡಿದೆವು.

"ಏನ್ ನೋಡ್ತೀರಾ?" ಎಂದಳು ಅಕ್ಕ. "ನಿನ್ನೆ ಬಾಡೂಟ ಮಾಡಿದ್ದೆ. ಒಂದು ತುತ್ತು ಇಟ್ಟು ಬಂದೆ. ತಪ್ಪಾ?"

ಬೇಲಿ ಹಾಕುತ್ತೇನೆ ಎಂದು ಪಣ ಕಟ್ಟಿದವಳೇ ತಾನು ಸೋಲಲಿ ಎಂದು ಬಾಡು ಬೇಯಿಸಿಕೊಂಡು ಹೋಗಿದ್ದಳು! ಮೊದಲು ನಕ್ಕದ್ದು ಮೇಡಂ. ನಗುನಗುತ್ತಲೇ, "ಮೊಟ್ಟೆ ನಂದು" ಎಂದರು. ನಾನು ಹುಳು ಒಪ್ಪಿಕೊಳ್ಳುವ ಅಗತ್ಯವೇ ಇರಲಿಲ್ಲ, ಗಾಳಿ ಆಗಲೇ ಹೇಳಿತ್ತು. ಹಿಂದೆ ಕೂತಿದ್ದ ಒಬ್ಬರು ಕೋಳಿ ತಲೆ ತಮ್ಮದು ಎಂದರು, ಇನ್ನೊಬ್ಬರು ಒಣಮೀನು ಎಂದರು. ಊರೆಲ್ಲ ಸೇರಿ ನರಿಯ ಬಾಗಿಲಲ್ಲಿ ನಾಯಿಗಳಿಗೆ ಸಂತರ್ಪಣೆ ಮಾಡಿದ್ದೆವು. ನಾಯಿಗಳ ಹಿಂಡು ಬಂದು ಕೂತ ಮನೆಯಲ್ಲಿ ನರಿ ಇರುತ್ತದೆಯೇ? ಯಾವಾಗಲೋ ಜಾಗ ಬಿಟ್ಟಿತ್ತು.

ತಾತ ನಗಲಿಲ್ಲ. ಅವರು ಮಾತ್ರ ಏನೂ ಇಟ್ಟಿರಲಿಲ್ಲ. ಊರುಗೋಲು ಹಿಡಿದು ಎದ್ದು, "ಮಾತು ಕೊಟ್ಟೆ, ಹೋಯ್ತು" ಎಂದಷ್ಟೇ ಹೇಳಿ ಬಂಡೆ ಇಳಿದು ಹೋದರು. ಹೊಸ ಪಂಚೆಯ ಅಂಚು ಇಬ್ಬನಿಯಲ್ಲಿ ನೆನೆಯುತ್ತಿತ್ತು. ಅವತ್ತು ಎಳ್ಳು ಬೀರಲು ಹೋದಾಗ ಅವರ ಮನೆಯ ಬಾಗಿಲು ಮುಂದಕ್ಕೆ ಹಾಕಿತ್ತು.

ಮಾರನೆಯ ದಿನ ಬೆಳಗ್ಗೆ ಕಲ್ಲು ನೆಡುವ ಆಳುಗಳು ಹಾರೆ ಗುದ್ದಲಿ ಹಿಡಿದು ಅಕ್ಕನ ಮನೆಯ ಮುಂದೆ ಬಂದು ನಿಂತರು. ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಅಕ್ಕ ಅವರಿಗೆ ತಿಂಡಿ ಕೊಟ್ಟು, ಕೆರೆ ಕಡೆಯ ತೋಟದಲ್ಲಿ ಬೇರೆ ಕೆಲಸ ಹೇಳಿ ಕಳಿಸಿದಳು. ಸೆರಗು ಬಿಗಿದುಕೊಂಡು ಸೀದಾ ತಾತನ ಮನೆಗೆ ಹೊರಟಳು. ಕರೆಯದಿದ್ದರೂ ನಾನು ಹಿಂದೆ ಹೋದೆ.

"ಮಾವ, ನಿನ್ನೆ ಲೆಕ್ಕಕ್ಕಿಲ್ಲ" ಎಂದಳು ಬಾಗಿಲಲ್ಲೇ ನಿಂತು.

"ಮಾತು ಮಾತೇ ಕಣಮ್ಮ. ನೆಡ್ಸು."

"ನೀನು ತೋರಿಸ್ತೀನಿ ಅಂದೆ. ತೋರ್ಸಕ್ಕೆ ಬಿಡ್ದೇ ಇರೋರು ನಾವು. ಇನ್ನೊಂದು ವರ್ಷ ತಗೋ. ಮುಂದಿನ ಹಬ್ಬಕ್ಕೆ ತೋರಿಸು. ಆಗ್ಲೂ ಬರ್ಲಿಲ್ಲ ಅಂದ್ರೆ ನಾನು ಯಾರ ಮಾತೂ ಕೇಳಲ್ಲ."

ತಾತ ಅವಳನ್ನೇ ನೋಡಿದರು. "ಹಂಗಾದ್ರೆ ನನ್ನ ಮಾತು ಕೇಳ್ಬೇಕು. ದಿಬ್ಬದ ಹತ್ರ ಯಾರೂ ಹೋಗಬಾರ್ದು. ನಾನೂ ಹೋಗಲ್ಲ. ಒಂದು ಅಗುಳು ಇಡಬಾರ್ದು. ಮೊದಲು ಈ ನಾಯಿಗಳಿಗೆ ಒಂದು ದಾರಿ ಮಾಡಿ."

ಆ ವರ್ಷ ನಾವು ಮಾಡಿದ್ದು ಬಹುಮಟ್ಟಿಗೆ ನಾಯಿಗಳ ಸಂಸಾರ. ಬೀದಿ ನಾಯಿಗಳನ್ನು ಮನೆಗೊಂದರಂತೆ ಹಂಚಿಕೊಂಡೆವು. ಹೊತ್ತು ಹೊತ್ತಿಗೆ ಮನೆ ಬಾಗಿಲಲ್ಲೇ ಮುದ್ದೆ ಹಾಕುವುದು, ಸಂಜೆ ಕಟ್ಟಿಹಾಕುವುದು. ಕುಂಟ ನಾಯಿ ನಮ್ಮ ಪಾಲಿಗೆ ಬಂತು. ನಮ್ಮತ್ತೆಗೆ ಅದು ನನಗಿಂತ ಬೇಗ ಹೊಂದಿಕೊಂಡಿತು. ಮೇಡಂ ಪಶು ಆಸ್ಪತ್ರೆಯವರನ್ನು ಬೆನ್ನುಹತ್ತಿ ಕರೆಸಿ, ಎಲ್ಲವಕ್ಕೂ ಚುಚ್ಚುಮದ್ದು ಹಾಕಿಸಿ, ಮರಿ ಹಾಕದಂತೆ ಆಪರೇಷನ್ ಮಾಡಿಸಿದರು. ಕೋಳಿ ಅಂಗಡಿಯವನು ಬಯಲಿನಂಚಿಗೆ ಸುರಿಯುತ್ತಿದ್ದ ಪುಕ್ಕ ಕರುಳನ್ನು ಗುಂಡಿ ತೋಡಿ ಮುಚ್ಚುವಂತೆ ಮಾಡಿದ್ದು ಅಕ್ಕ. ಹೇಗೆ ಮಾಡಿದಳೋ ಕೇಳಬೇಡಿ, ಅವನು ಈಗಲೂ ಅವಳನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಬೀಳದಂತೆ ಸರದಿಯ ಮೇಲೆ ಕಾದೆವು. ಕುರಿ ಮೇಯಿಸುವವರಿಗೆ ಬೇಡ ಅನ್ನಲಿಲ್ಲ, ದಿಬ್ಬದ ಕಡೆ ಹೊಡೆಯಬೇಡಿ ಎಂದೆವು ಅಷ್ಟೇ. ಯಾರೋ ಪುಣ್ಯಾತ್ಮರು ಬಯಲಿನ ತುಂಬ ಹೊಂಗೆ ಸಸಿ ನೆಡಿಸುತ್ತೇವೆ ಎಂದು ಬಂದಾಗ ತಾತ ಕೈಮುಗಿದು, "ಮರ ಹಾಕಿದ್ರೆ ಅದು ತೋಪು ಆಗ್ತೈತೆ ಸ್ವಾಮಿ. ನಮಗೆ ಬಯಲು ಬೇಕು" ಎಂದು ಹೇಳಿ ಶಾಲೆಯ ಕಡೆಗೆ ಕಳಿಸಿದರು.

ಮಳೆ ಬಂದ ಮೇಲೆ ಅಕ್ಕ ದಿನಾ ಸಂಜೆ ಹೊಲದ ಅಂಚಿಗೆ ಹೋಗಿ ನಿಲ್ಲುವುದನ್ನು ಶುರುಮಾಡಿದಳು. ಕಲ್ಲುಕಂಬಗಳನ್ನು ಯಾರಾದರೂ ಹೊತ್ತುಕೊಂಡು ಹೋದಾರು ಎಂಬ ನೆಪ. ಒಂದು ಸಂಜೆ ಓಡಿ ಬಂದು ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿದಳು, ಬರಿಯ ನೆಲದ ಮೇಲೆ ನಾಲ್ಕು ಚುಕ್ಕೆ ಮೊಟ್ಟೆ. ಟಿಟ್ಟಿಭ ಹಕ್ಕಿ ನಮ್ಮ ತಲೆಯ ಮೇಲೆ ಹಾರಾಡಿ ಬಾಯಿಗೆ ಬಂದಂತೆ ಬೈಯುತ್ತಿತ್ತು. "ನಮ್ಮ ಹೊಲದಲ್ಲಿ ನಿಂತು ನಮ್ಮನ್ನೇ ಬೈತೈತೆ ನೋಡೇ" ಎಂದು ಅಕ್ಕ ಹೆಮ್ಮೆಯಿಂದ ಹೇಳಿದಳು. ಅವಳಿಗೆ ನನಗಿಂತ ಬಾಯಿ ಜೋರಿರುವವರನ್ನು ಕಂಡರೆ ಇಷ್ಟ ಎಂದು ಅವತ್ತು ಗೊತ್ತಾಯಿತು. ನರಿ ಮಾತ್ರ ವಾಪಸ್ಸು ಬಂದಿದೆಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಹೋಗಿ ನೋಡಬಾರದು ಎಂದು ತಾತ ಕಟ್ಟು ಹಾಕಿದ್ದರಲ್ಲ. ಅವರ ಮುಖ ನೋಡಿದರೆ ಊಟ ಸರಿಯಾಗಿ ಸೇರುತ್ತಿಲ್ಲ ಎಂದು ತಿಳಿಯುತ್ತಿತ್ತು. ರಾಗಿ ಕಟಾವು ಮುಗಿಯಿತು, ಹುಲ್ಲು ಒಣಗಿತು, ಹಬ್ಬ ಬಂದೇಬಿಟ್ಟಿತು.

ಮತ್ತೆ ಅದೇ ಹಾಸುಬಂಡೆ. ಈ ಸಲ ಜನ ಹೆಚ್ಚು. ಊರಿನ ನಾಯಿಗಳೆಲ್ಲ ಮನೆಯಲ್ಲಿ ಕಟ್ಟಿಸಿಕೊಂಡು ಒಂದೇ ಸಮನೆ ಬೊಗಳುತ್ತಿದ್ದದ್ದು ಕೇಳಿಸುತ್ತಿತ್ತು. ಮೇಡಂ ತಾತನ ಪಕ್ಕದಲ್ಲೇ ಕೂತಿದ್ದರು, ಅಕ್ಕ ಇನ್ನೊಂದು ಪಕ್ಕ. ಬಿಸಿಲು ಬಂತು. ಏನೂ ಇಲ್ಲ. ಬಿಸಿಲು ಬಂಡೆಯ ಮೇಲಕ್ಕೂ ಏರಿತು. ಹಿಂದೆ ಯಾರೋ ಕೆಮ್ಮಿದರು, ಯಾರೋ ಎದ್ದು ಹೋದರು. ನಾನು ತಾತನ ಕಡೆ ನೋಡಲಾರದೆ ನನ್ನ ಕಾಲ ಬೆರಳನ್ನೇ ನೋಡುತ್ತಾ ಕೂತೆ. ಆಗ ಅಕ್ಕ ನನ್ನ ತೊಡೆಯನ್ನು ಚಿವುಟಿದಳು.

ದಿಬ್ಬದ ಮೇಲೆ ಎರಡು ಕಿವಿ. ಆಮೇಲೆ ಮುಖ. ನರಿ ಬಿಲದಿಂದ ಪೂರ್ತಿ ಹೊರಗೆ ಬಂದು, ಮುಂಗಾಲು ಚಾಚಿ ಮೈ ಮುರಿದು, ಬಾಯಿ ತೆರೆದು ಆಕಳಿಸಿತು. ನಮ್ಮ ಕಡೆ ಒಮ್ಮೆ ನೋಡಿತು. ಇಷ್ಟು ಜನ ಹಬ್ಬದ ದಿನ ಬಂಡೆಯ ಮೇಲೆ ಏನು ಮಾಡುತ್ತಿದ್ದಾರೆ ಎಂಬ ಕುತೂಹಲವೂ ಅದಕ್ಕಿರಲಿಲ್ಲ. ಕೆರೆದುಕೊಂಡಿತು. ಹಿಂದೆಯೇ ಇನ್ನೊಂದು ಹೊರಗೆ ಬಂತು. ಎರಡೂ ದಿಬ್ಬ ಇಳಿದು, ಅಲ್ಲಲ್ಲಿ ಹುಲ್ಲು ಮೂಸುತ್ತಾ, ಅಕ್ಕನ ಹೊಲ ದಾಟಿ, ನಮ್ಮ ಹೊಲದ ನಡುವೆ ಹಾದು, ಗೋಮಾಳದ ಕಡೆಗೆ ಹೋದವು. ನನ್ನ ಮೈಯೆಲ್ಲ ಜುಮ್ಮೆಂದಿತು. ಯಾರೂ ಕೂಗಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅವು ಕಣ್ಮರೆಯಾದ ಮೇಲೆ ಅಕ್ಕ ನಿಟ್ಟುಸಿರು ಬಿಟ್ಟು, "ನೀನೇ ಗೆದ್ದೆ ಮಾವ. ಹೊಲ ನರಿದು" ಎಂದಳು. ತಾತನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ನಾನು ಬಗ್ಗಿ, "ಯಾಕೆ ತಾತ, ನೀವು ಎಷ್ಟು ನರಿ ನೋಡಿಲ್ಲ?" ಎಂದೆ.

"ನಡೆಯೋದನ್ನ ನೋಡಿರ್ಲಿಲ್ಲ ಕಣಮ್ಮ" ಎಂದರು ತಾತ. "ನಾನು ನೋಡಿದ್ದೆಲ್ಲಾ ಓಡೋ ನರಿಗಳೇ."